ಕಡಲಲ್ಲಿ 183, ಮನೆಯಲ್ಲಿ 182: ಒಂದು ದಿನಕ್ಕೆ ಬಿತ್ತು ನಾಲ್ಕೂಮುಕ್ಕಾಲು ಲಕ್ಷ!

"ಶಿಪ್ಪಿನವರಿಗೆ ಟ್ಯಾಕ್ಸ್ ಇಲ್ಲ ಮಾರಾಯ್ರೆ. ಅವರದ್ದು ಬಿಡಿ!"

ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಮೂಲ್ಕಿ ಬಸ್ಸು ಹತ್ತಿ ಕೂತರೆ ಸುರತ್ಕಲ್ ದಾಟುವುದರೊಳಗೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ರಸ್ತೆ ಬದಿಯಲ್ಲಿ ಹೊಸ ತಾರಸಿ ಮನೆ ಕಂಡರೆ ಸಾಕು, ಯಾರಾದರೊಬ್ಬರು ಬೆರಳು ತೋರಿಸುತ್ತಾರೆ. "ಅದು ಶಿಪ್ಪಿನವನದ್ದು. ಡಾಲರು. ಸರಕಾರಕ್ಕೆ ಒಂದು ಪೈಸೆ ಕೊಡ್ಲಿಕ್ಕಿಲ್ಲ." ಹಂಪನಕಟ್ಟೆಯ ಅಂಗಡಿಯವರಿಗಂತೂ ಶಿಪ್ಪಿನವನು ರಜೆಯಲ್ಲಿ ಬಂದ ಎಂದರೆ ಹಬ್ಬ. ಚಿನ್ನ, ಟೈಲ್ಸು, ಫ್ಯಾನು, ಮದುವೆ ಹಾಲು, ಎಲ್ಲದಕ್ಕೂ ಅವನೇ ಗಿರಾಕಿ.

ಮಾತಿನಲ್ಲಿ ಅರ್ಧ ಸತ್ಯ ಉಂಟು. ಉಳಿದ ಅರ್ಧ ಗೊತ್ತಿಲ್ಲದೆ ಹೋದದ್ದರಿಂದಲೇ ಎಷ್ಟೋ ಮನೆಗಳಲ್ಲಿ ಆಡಿಟರ ಆಫೀಸಿನಿಂದ ಬಂದವರು ರಾತ್ರಿ ಊಟ ಬಿಟ್ಟು ಮಲಗುತ್ತಾರೆ.

ಹಡಗಿನಲ್ಲಿ ದುಡಿಯುವವನಿಗೆ ತೆರಿಗೆ ಇಲ್ಲ ಎಂದು ನಮ್ಮ ದೇಶದ ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದದ್ದು ಬೇರೆ. ಒಂದು ಆರ್ಥಿಕ ವರ್ಷದಲ್ಲಿ, ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರ ತನಕ, ಅವನು ಭಾರತದಲ್ಲಿ ಎಷ್ಟು ದಿನ ಇದ್ದ? 182 ದಿನ ಅಥವಾ ಹೆಚ್ಚು ಇದ್ದರೆ ಅವನು 'ನಿವಾಸಿ'. ಕಡಿಮೆ ಇದ್ದರೆ 'ಅನಿವಾಸಿ'. ನಿವಾಸಿಯಾದರೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಇಲ್ಲಿ ಲೆಕ್ಕ ಕೊಡಬೇಕು. ಅನಿವಾಸಿಯಾದರೆ ಹೊರಗೆ ದುಡಿದ ಸಂಬಳ ಇಲ್ಲಿಯ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟೇ ಕಥೆ. ಪಗಾರ ಎಷ್ಟು, ಕಷ್ಟ ಎಷ್ಟು, ಬಿರುಗಾಳಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ದಿನ ಎಣಿಸುತ್ತಾರೆ.

ಸಾಮಾನ್ಯ ಜನರಿಗೆ ಇನ್ನೊಂದು ಬಿಗಿ ಉಂಟು: ಆ ವರ್ಷ ಬರೇ 60 ದಿನ ಇಲ್ಲಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿಯೇ. ಆದರೆ ಹೊರದೇಶಕ್ಕೆ ಕೆಲಸಕ್ಕೆಂದು ಹೋಗುವ ಭಾರತೀಯರಿಗೆ, ಭಾರತೀಯ ಹಡಗಿನ ಸಿಬ್ಬಂದಿಯಾಗಿ ಹೊರಡುವವರಿಗೆ, ಆ 60ರ ಜಾಗದಲ್ಲಿ 182 ಎಂದೇ ಓದಿಕೊಳ್ಳಬೇಕೆಂದು ಕಾನೂನೇ ಹೇಳಿದೆ. 1961ರ ಆದಾಯ ತೆರಿಗೆ ಕಾಯ್ದೆಯ 6ನೇ ಕಲಮು ಇದು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ ತಂದ 2025ರ ಹೊಸ ಕಾಯ್ದೆಯಲ್ಲೂ ಈ 182 ಹಾಗೆಯೇ ಉಳಿದಿದೆ.

ಬಾಯಿಪಾಠದ 183

ಎಡವಟ್ಟು ಇರುವುದು ಇಲ್ಲಿ. ಹಡಗಿನವರ ಬಾಯಲ್ಲಿ ಓಡಾಡುವ ಸಂಖ್ಯೆ 183. "ವರ್ಷಕ್ಕೆ 183 ದಿನ ಹೊರಗಿದ್ದರೆ ಸಾಕು" ಎಂದು ಸೀನಿಯರು ಜೂನಿಯರಿಗೆ ಹೇಳಿ, ಜೂನಿಯರು ತನ್ನ ತಮ್ಮನಿಗೆ ಹೇಳಿ, ಅದು ವೇದವಾಕ್ಯವಾಗಿ ಕೂತಿದೆ. ಲೆಕ್ಕ ಹಾಕಿ ನೋಡಿದವರು ಕಡಿಮೆ. ವರ್ಷಕ್ಕೆ 365 ದಿನ. ಹೊರಗೆ 183 ಕಳೆದರೆ ಒಳಗೆ ಉಳಿದದ್ದು 182. ಕಾನೂನು ಹೇಳುವುದು "182 ಅಥವಾ ಹೆಚ್ಚು ಇದ್ದರೆ ನಿವಾಸಿ" ಎಂದು. ಅಲ್ಲಿಗೆ ಸಿಕ್ಕಿಬಿದ್ದ! ಊರಿನಲ್ಲಿ 181ಕ್ಕಿಂತ ಒಂದು ದಿನವೂ ಹೆಚ್ಚು ಇರಬಾರದು. ಅಂದರೆ ಹೊರಗೆ ಬೇಕಾದದ್ದು 184.

ಒಂದು ದಿನ ಎಂದರೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಒಂದು ಮನೆಯ ಲೆಕ್ಕ ನೋಡಬೇಕು. ಬಜಪೆ ಕಡೆಯ ಒಬ್ಬ ಸೆಕೆಂಡ್ ಇಂಜಿನಿಯರ್ ಎಂದು ಇಟ್ಟುಕೊಳ್ಳಿ. ಎಂಟು ವರ್ಷದ ಸರ್ವಿಸು. ವಿದೇಶಿ ಕಂಪೆನಿಯ ತೈಲದ ಹಡಗು. 2025ರ ಜನವರಿಯಲ್ಲಿ ಹತ್ತಿದವನು ಜೂನ್ 28ರಂದು ಕೊಚ್ಚಿಯಲ್ಲಿ ಇಳಿದ. ಏಪ್ರಿಲ್ ಒಂದರಿಂದ ಲೆಕ್ಕ ಹಿಡಿದರೆ ಹಡಗಿನಲ್ಲಿ 89 ದಿನ. ಮನೆಗೆ ಬಂದ. ಮಳೆಗಾಲ ಕಳೆಯಿತು, ಮೊಂತಿ ಹಬ್ಬ ಕಳೆಯಿತು, ತಂಗಿಯ ಮದುವೆ ನಿಶ್ಚಯವಾಯಿತು. ಕ್ರಿಸ್ಮಸ್ ಮುಗಿದ ಮೇಲೆ ಡಿಸೆಂಬರ್ 27, ಶನಿವಾರ. ಅಷ್ಟರಲ್ಲಿ ಬೊಂಬಾಯಿಯ ಏಜೆಂಟನ ಫೋನು: "ಇಪ್ಪತ್ತಾರಕ್ಕೆ ಕೊಚ್ಚಿಯಲ್ಲಿ ಶಿಪ್ ಉಂಟು, ಬರ್ತೀರಾ?"

"ತಂಗಿ ಮದುವೆ ಸಾರ್, ಎರಡು ದಿನ ಬಿಟ್ಟು ಕೊಡಿ."

ಅಣ್ಣನಾದವನು ಬೇರೆ ಏನು ಹೇಳಿಯಾನು? ರೋಸ್ ಆಯಿತು, ಮದುವೆ ಆಯಿತು. ಮರುದಿನ, ಡಿಸೆಂಬರ್ 28ರಂದು, ಪಣಂಬೂರಿನಲ್ಲೇ ನಿಂತಿದ್ದ ಇನ್ನೊಂದು ಹಡಗಿಗೆ ಪೆಟ್ಟಿಗೆ ಹೊತ್ತು ನಡೆದ. ಹಡಗು ಗಲ್ಫಿಗೆ ಹೊರಟಿತು. ಡಿಸೆಂಬರಿನ 4, ಜನವರಿಯ 31, ಫೆಬ್ರವರಿಯ 28, ಮಾರ್ಚಿನ 31, ಒಟ್ಟು 94 ದಿನ. ಮೊದಲಿನ 89 ಸೇರಿಸಿದರೆ 183. ಅವನ ಮನಸ್ಸಿಗೆ ಸಮಾಧಾನ. ಬಾಯಿಪಾಠದ ಲೆಕ್ಕ ಸರಿಯಾಗಿದೆ!

ಆದರೆ ಜೂನ್ 29ರಿಂದ ಡಿಸೆಂಬರ್ 27ರ ತನಕ ಅವನು ಮನೆಯಲ್ಲಿ ಇದ್ದದ್ದು 182 ದಿನ. ನಿವಾಸಿ.

ಆ ವರ್ಷ ಹಡಗಿನಿಂದ ಬಂದ ಸಂಬಳ 30 ಲಕ್ಷ ಎಂದಿರಲಿ. 2025-26ರ ಹೊಸ ಪದ್ಧತಿಯ ದರದಲ್ಲಿ ಸಂಬಳದಾರರಿಗೆ ಬಿಡುವ 75 ಸಾವಿರ ಕಳೆದರೆ 29 ಲಕ್ಷ 25 ಸಾವಿರ. ಮೊದಲ 24 ಲಕ್ಷಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಬೀಳುವುದು 3 ಲಕ್ಷ. ಮಿಕ್ಕ 5 ಲಕ್ಷ 25 ಸಾವಿರಕ್ಕೆ ನೂರಕ್ಕೆ 30ರಂತೆ 1,57,500. ಮೇಲಿಂದ ನೂರಕ್ಕೆ 4ರ ಸೆಸ್ಸು 18,300. ಒಟ್ಟು 4,75,800 ರೂಪಾಯಿ. ವಿದೇಶಿ ಕಂಪೆನಿ ಸಂಬಳದಲ್ಲಿ ತೆರಿಗೆ ಹಿಡಿದಿರುವುದಿಲ್ಲ, ಇವನು ಮುಂಗಡ ಕಟ್ಟಿರುವುದಿಲ್ಲ. ಹಾಗಾಗಿ ತಿಂಗಳಿಗೆ ನೂರಕ್ಕೊಂದರಂತೆ ಬಡ್ಡಿ ಬೇರೆ.

ಒಂದು ದಿನ ಮೊದಲು ಹಡಗು ಹತ್ತಿದ್ದರೆ ಆ ಸಂಬಳಕ್ಕೆ ತೆರಿಗೆ ಸೊನ್ನೆ. ತಂಗಿಯ ಮದುವೆಯ ಖರ್ಚಿನ ಪಟ್ಟಿಯಲ್ಲಿ ಈ ಬಾಬ್ತು ಯಾರೂ ಬರೆದಿರಲಿಲ್ಲ.

ಇನ್ನೂ ಒಂದು ತಮಾಷೆ ಕೇಳಿ. ಕಾನೂನು ಎಣಿಸುವುದು ಭಾರತದಲ್ಲಿ ಇದ್ದ ದಿನವನ್ನು. ಹೊರಗೆ ಎಂತಕ್ಕೆ ಹೋದ ಎಂದು ಕೇಳುವುದಿಲ್ಲ. ಅದೇ ಇಂಜಿನಿಯರು ಅಕ್ಟೋಬರಿನಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಕೊಲಂಬೊ ನೋಡಿ ಬಂದಿದ್ದರೆ ಊರಿನ ಲೆಕ್ಕ 182ಕ್ಕಿಂತ ಕೆಳಗೆ ಇಳಿಯುತ್ತಿತ್ತು, ಅನಿವಾಸಿಯಾಗಿಯೇ ಉಳಿಯುತ್ತಿದ್ದ. ತಂಗಿಯ ಮದುವೆಗೆ ನಿಂತವನಿಗೆ ದಂಡ, ಟೂರು ಹೋದವನಿಗೆ ಬಹುಮಾನ!

ಮುದ್ರೆಯೇ ದೇವರು

ಹಿಂದೆ ಸ್ಥಿತಿ ಇದಕ್ಕಿಂತ ಕಷ್ಟ ಇತ್ತು. ಹಡಗು ಹತ್ತಿದ ಮೇಲೂ ಅದು ನಮ್ಮ ಬಂದರಿನಲ್ಲಿ, ನಮ್ಮ ನೀರಿನಲ್ಲಿ ನಿಂತಷ್ಟು ದಿನ 'ಭಾರತದಲ್ಲಿ ಇದ್ದ' ಎಂದು ಇಲಾಖೆಯವರು ಹಿಡಿಯುತ್ತಿದ್ದರು. ಪಣಂಬೂರಿನ ಹೊರಗೆ ಲಂಗರು ಹಾಕಿ ಸರದಿ ಕಾಯುವ ಹಡಗಿನೊಳಗೆ ಬೆವರು ಸುರಿಸುವವನು ಕಾನೂನಿನ ಕಣ್ಣಿಗೆ ಮನೆಯಲ್ಲೇ ಇದ್ದ ಹಾಗೆ. ಈ ಜಗಳ ತೀರಿಸಲಿಕ್ಕೆ 2015ರಲ್ಲಿ ಕಾಯ್ದೆಗೆ ಒಂದು ವಿವರಣೆ ಸೇರಿಸಿ, ಆಗಸ್ಟಿನಲ್ಲಿ 126ನೇ ನಿಯಮ ತಂದರು. ಅಂತಾರಾಷ್ಟ್ರೀಯ ಪ್ರಯಾಣದ ಹಡಗಾದರೆ, ನಾವಿಕನ ಸಿ.ಡಿ.ಸಿ. ಪುಸ್ತಕದಲ್ಲಿ ಹಡಗು ಹತ್ತಿದ ತಾರೀಕಿನಿಂದ ಇಳಿದ ತಾರೀಕಿನ ತನಕದ ಅವಧಿ ಭಾರತದ ಲೆಕ್ಕಕ್ಕೆ ಬರಬಾರದು ಎಂದಾಯಿತು. ಹಾಗಾಗಿಯೇ ನಮ್ಮ ಇಂಜಿನಿಯರಿನ ಡಿಸೆಂಬರ್ 28, ಹಡಗು ಪಣಂಬೂರಿನಲ್ಲೇ ಇದ್ದರೂ, ಹೊರಗಿನ ದಿನ.

ಸಿ.ಡಿ.ಸಿ. ಎಂದರೆ ನಾವಿಕನ ಸೇವಾ ಪುಸ್ತಕ. ಯಾವ ಹಡಗು, ಯಾವ ಹುದ್ದೆ, ಯಾವಾಗ ಹತ್ತಿದ, ಯಾವಾಗ ಇಳಿದ, ಎಲ್ಲ ಅದರಲ್ಲಿ ಮುದ್ರೆ ಸಮೇತ ಇರುತ್ತದೆ. ಹಡಗಿನವನಿಗೆ ಅದೇ ಜಾತಕ, ಅದೇ ರೇಷನ್ ಕಾರ್ಡು. ಕೈಬರಹದ '28' ಯಾರದೋ ಅವಸರದಲ್ಲಿ '29' ಆದರೆ ಅವನ ವರ್ಷವೇ ಉಲ್ಟಾ ಆದೀತು. ಆಡಿಟರುಗಳು ಪ್ರತಿ ವರ್ಷ ಸಿ.ಡಿ.ಸಿ. ಮತ್ತು ಪಾಸ್‌ಪೋರ್ಟಿನ ಎಲ್ಲ ಹಾಳೆಗಳ ಜೆರಾಕ್ಸು ತೆಗೆದಿಡಿ ಎಂದು ಬಡಕೊಳ್ಳುವುದು ಇದಕ್ಕೇ. ಪುಸ್ತಕ ತುಂಬಿತೆಂದು ಹಳೆಯದನ್ನು ಅಟ್ಟಕ್ಕೆ ಎಸೆದು ಗೆದ್ದಲಿಗೆ ಊಟ ಹಾಕಿದವರು ಆಮೇಲೆ ನೋಟೀಸು ಬಂದಾಗ ಏಣಿ ಇಟ್ಟು ಹುಡುಕಬೇಕು.

ಆದರೆ ಈ ನಿಯಮ ಎಲ್ಲ ಹಡಗಿಗೂ ಇಲ್ಲ. ಬರೇ ನಮ್ಮ ಕರಾವಳಿಯಲ್ಲೇ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಹೊರುವ ಹಡಗು, ಬಾಂಬೆ ಹೈಯ ಎಣ್ಣೆ ಬಾವಿಗಳಿಗೆ ಸಾಮಾನು ಸಾಗಿಸುವ ಬೋಟು, ಇವುಗಳಲ್ಲಿ ದುಡಿಯುವವನಿಗೆ ಆ ರಿಯಾಯಿತಿ ಸಿಗುವುದಿಲ್ಲ. ಅವನೂ ಮನೆ ಬಿಟ್ಟು ಆರೇಳು ತಿಂಗಳು ಉಪ್ಪುನೀರಿನಲ್ಲೇ ಇರುವವನು. "ನಾನೂ ಶಿಪ್ಪಿನವನಲ್ವಾ?" ಎಂದು ಅವನು ಕೇಳಿದರೆ ಉತ್ತರ: ಶಿಪ್ಪಿನವನು ಹೌದು, ಹೊರಗಿನವನು ಅಲ್ಲ.

ಖಾತೆಯ ಗಲಾಟೆ

ದಿನದ ಲೆಕ್ಕ ಗೆದ್ದವರಿಗೂ ನಡುವೆ ಒಂದು ಹೆದರಿಕೆ ಬಂದಿತ್ತು. ಅನಿವಾಸಿಯಾದರೂ ಭಾರತದಲ್ಲಿ 'ಕೈಗೆ ಬಂದ' ಹಣಕ್ಕೆ ತೆರಿಗೆ ಹಾಕಬಹುದು ಎಂದು ಕಾಯ್ದೆಯಲ್ಲಿ ಇದೆ. ಹಡಗಿನ ಕಂಪೆನಿ ಡಾಲರು ಕಳಿಸುವುದು ಎಲ್ಲಿಗೆ? ಊರಿನ ಬ್ಯಾಂಕಿನ ಎನ್.ಆರ್.ಇ. ಖಾತೆಗೆ. ಹಾಗಾದರೆ ಭಾರತದಲ್ಲೇ ಕೈಗೆ ಬಂತಲ್ಲ ಎಂದು ತೆರಿಗೆಯವರು ವಾದ ಹೂಡಿದರು. 2016ರಲ್ಲಿ ಕೋಲ್ಕತ್ತದ ತೆರಿಗೆ ನ್ಯಾಯಮಂಡಳಿಯ ಒಂದು ತೀರ್ಪು ಈ ವಾದವನ್ನು ಒಪ್ಪಿದಾಗ ನಾವಿಕರ ಮನೆಗಳಲ್ಲಿ ನಡುಕ ಹುಟ್ಟಿತು. ಹೆಂಡತಿ ಮಕ್ಕಳು ಇಲ್ಲಿ, ದಿನಸಿ ಅಂಗಡಿಯ ಲೆಕ್ಕ ಇಲ್ಲಿ, ಮನೆ ಸಾಲದ ಕಂತು ಇಲ್ಲಿ. ಹಣ ಇಲ್ಲಿಗೆ ಕಳಿಸದೆ ಅಟ್ಲಾಂಟಿಕ್ ಸಮುದ್ರದಲ್ಲಿ ಮುಳುಗಿಸಬೇಕಿತ್ತೇ?

ಕೊನೆಗೆ 2017ರ ಏಪ್ರಿಲ್ 11ರಂದು ಕೇಂದ್ರ ನೇರ ತೆರಿಗೆ ಮಂಡಳಿ 13ನೇ ಸುತ್ತೋಲೆ ಹೊರಡಿಸಿತು. ಅನಿವಾಸಿ ನಾವಿಕ ಹೊರದೇಶಕ್ಕೆ ಹೋಗುವ ಹಡಗಿನಲ್ಲಿ, ಭಾರತದ ಹೊರಗೆ ದುಡಿದ ಸಂಬಳ ಎನ್.ಆರ್.ಇ. ಖಾತೆಗೆ ಬಂತು ಎಂಬ ಒಂದೇ ಕಾರಣಕ್ಕೆ ಅದನ್ನು ಇಲ್ಲಿಯ ಆದಾಯಕ್ಕೆ ಸೇರಿಸಬಾರದು ಎಂದಿತು. ಹಡಗಿನ ಮೇಲೆ ಭಾರತದ ಬಾವುಟ ಇದ್ದರೂ ಇದೇ ನ್ಯಾಯ ಎಂದು ಅದೇ ತಿಂಗಳು ಇನ್ನೊಂದು ಚೀಟಿ ಬಂತು. ನಮ್ಮ ಕರ್ನಾಟಕ ಹೈಕೋರ್ಟು ಇದಕ್ಕೂ ಮೊದಲೇ, 225 ದಿನ ಭಾರತದ ಹೊರಗೆ ಹಡಗಿನಲ್ಲಿ ದುಡಿದ ಒಬ್ಬ ಇಂಜಿನಿಯರಿನ ಮೊಕದ್ದಮೆಯಲ್ಲಿ, ಹೊರಗೆ ದುಡಿದದ್ದು ಹೊರಗೇ ಹುಟ್ಟಿದ ಆದಾಯ ಎಂದು ನಾವಿಕನ ಪರ ತೀರ್ಪು ಕೊಟ್ಟಿತ್ತು.

ಆ ಸುತ್ತೋಲೆಯಲ್ಲಿ ಗಮನಿಸಬೇಕಾದ ಶಬ್ದ ಒಂದೇ, 'ಅನಿವಾಸಿ'. ನಿವಾಸಿ ಮತ್ತು ಅನಿವಾಸಿಯ ನಡುವೆ ಮೂರನೇ ಒಂದು ಪಂಗಡವೂ ಉಂಟು. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವನು, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿ ಇರದವನು ಒಂದು ವರ್ಷ ಎಡವಿದರೆ ಅವನನ್ನು 'ಸಾಮಾನ್ಯ ನಿವಾಸಿ ಅಲ್ಲದವನು' ಎಂದು ಕರೆದು ಸ್ವಲ್ಪ ಕನಿಕರ ತೋರಿಸುತ್ತಾರೆ. ಹಳೆ ಹುಲಿಗಳಿಗೆ ಇದು ಆಸರೆ. ಆದರೆ ಅವರ ಸಂಬಳ ನೇರ ಊರಿನ ಖಾತೆಗೇ ಬಂದಿದ್ದರೆ ತಕರಾರು ಏಳಬಹುದು, ಯಾಕೆಂದರೆ ಸುತ್ತೋಲೆ ಮಾತಾಡಿದ್ದು ಅನಿವಾಸಿಯ ಬಗ್ಗೆ ಮಾತ್ರ. ಎಂಟು ವರ್ಷ ಸರ್ವಿಸಿನ ನಮ್ಮ ಇಂಜಿನಿಯರಿಗಂತೂ ಈ ಬಾಗಿಲೂ ಮುಚ್ಚಿದೆ. ಹತ್ತು ವರ್ಷದ ಲೆಕ್ಕದಲ್ಲಿ ಅವನು ಕಾಲೇಜಿಗೆ ಹೋದ ವರ್ಷಗಳೂ ಬಂದವು!

ಕೆಳಗಿನ ಹುದ್ದೆಯವರ ಮಾತು ಬೇರೆ. ಡೆಕ್ಕು ಉಜ್ಜುವವನು, ಅಡುಗೆಯವನು, ಎಣ್ಣೆ ಹಾಕುವವನು ಒಂದು ದಿನ ಎಡವಿದರೂ 2025-26ರಿಂದ ಬಚಾವಾಗುವ ಸಂಭವ ಹೆಚ್ಚು, ಹೊಸ ಪದ್ಧತಿಯಲ್ಲಿ ನಿವಾಸಿಗೆ 12 ಲಕ್ಷದ ತನಕ ತೆರಿಗೆ ಮಾಫಿ ಇರುವುದರಿಂದ. ಆದರೆ ಅದು ತಾನಾಗಿ ಆಗುವುದಿಲ್ಲ, ರಿಟರ್ನ್ ಹಾಕಬೇಕು. "ನಾನು ಎನ್.ಆರ್.ಐ., ನನಗೆ ಎಂತ ರಿಟರ್ನು" ಎಂದು ಕೂತರೆ ಅದರ ಹಿಂದಿನ ವರ್ಷಗಳ ಕಡತವೂ ಬಿಚ್ಚಿಕೊಂಡೀತು. ದೊಡ್ಡ ಮೊತ್ತದ ಜಾಗ ರಿಜಿಸ್ಟರಾದರೆ ಸಬ್ ರಿಜಿಸ್ಟ್ರಾರ ಆಫೀಸಿನಿಂದ ಇಲಾಖೆಗೆ ಸುದ್ದಿ ಹೋಗುತ್ತದೆ. ರಿಟರ್ನ್ ಇಲ್ಲದ ಪಾನ್ ನಂಬರಿನಲ್ಲಿ ಇಷ್ಟು ದೊಡ್ಡ ಜಾಗ ಹೇಗೆ ಬಂತು ಎಂದು ಕೇಳುವುದು ಅವರ ಕೆಲಸ.

ಓ.ಟಿ.ಪಿ. ಎಲ್ಲಿದೆ?

ಕೇಳುವ ನೋಟೀಸು ಈಗ ಅಂಚೆಯಣ್ಣನ ಕೈಯಲ್ಲಿ ಬರುವುದು ಅಪರೂಪ. ಕಂಪ್ಯೂಟರಿನಲ್ಲಿ ಬಂದು ಕೂರುತ್ತದೆ. ನೋಡಬೇಕಾದರೆ ಓ.ಟಿ.ಪಿ. ಬೇಕು. ಓ.ಟಿ.ಪಿ. ಹೋಗುವುದು ಗಂಡನ ಮೊಬೈಲಿಗೆ. ಗಂಡ ಎಲ್ಲಿ? ಸಿಂಗಾಪುರ ದಾಟಿ ಯಾವುದೋ ನೀರಿನಲ್ಲಿ, ಸಿಗ್ನಲ್ ಇಲ್ಲದ ಕಡೆ. ಉತ್ತರ ಕೊಡಲಿಕ್ಕೆ ದಿನ ಎಣಿಸಿ ಕೊಟ್ಟಿರುತ್ತಾರೆ. ಹೆಂಡತಿಯಾದವಳು ಮಗುವನ್ನು ಎತ್ತಿಕೊಂಡು ಆಡಿಟರ ಆಫೀಸಿನ ಬೆಂಚಿನಲ್ಲಿ ಕೂತು ವಾಟ್ಸಪ್ಪಿನ ಒಂದು ಗೀಟು ಎರಡಾಗುವುದನ್ನು ಕಾಯಬೇಕು. ಬಸ್ಸಿನಲ್ಲಿ ಬೆರಳು ತೋರಿಸುವವರಿಗೆ ತಾರಸಿ ಕಾಣುತ್ತದೆ, ಈ ಬೆಂಚು ಕಾಣುವುದಿಲ್ಲ.

2020ರಲ್ಲಂತೂ ಕಡಲಿನವರ ಕ್ಯಾಲೆಂಡರೇ ಹರಿದುಹೋಯಿತು. ಮಾರ್ಚಿನ ಲಾಕ್‌ಡೌನಿನಿಂದ ಎಷ್ಟೋ ಜನ ಹಡಗಿನಿಂದ ಇಳಿಯಲಾರದೆ ಕಾಂಟ್ರಾಕ್ಟು ಮುಗಿದ ಮೇಲೂ ತಿಂಗಳುಗಟ್ಟಲೆ ಕಡಲಲ್ಲೇ ಉಳಿದರು. ಅವರ 'ಅನಿವಾಸಿ' ಭದ್ರವಾಯಿತು, ಮನಸ್ಸು ಮಾತ್ರ ಚಿಂದಿ. ಇನ್ನೊಂದಷ್ಟು ಜನ ಹತ್ತಲಾರದೆ ಮನೆಯಲ್ಲಿ ಉಳಿದರು. ಸಂಬಳವೂ ಹೋಯಿತು, ದಿನವೂ ಹೋಯಿತು. ಊರಿಗೆ ಬಂದು ಸಿಕ್ಕಿಹಾಕಿಕೊಂಡ ಅನಿವಾಸಿಗಳಿಗೆ 2019-20ರ ಕೊನೆಯ ಹತ್ತು ದಿನ, ಅಂದರೆ ಮಾರ್ಚ್ 22ರಿಂದ 31ರ ಲೆಕ್ಕ ಬಿಡುತ್ತೇವೆ ಎಂದು ಮಂಡಳಿ 2020ರ ಮೇ ತಿಂಗಳಲ್ಲಿ ಹೇಳಿತು. ನಿಜವಾದ ಹೊಡೆತ ಬಿದ್ದದ್ದು 2020-21ರಲ್ಲಿ. ಆ ವರ್ಷಕ್ಕೆ ಏನು ಎಂದು ಕಾದವರಿಗೆ 2021ರ ಮಾರ್ಚ್ 3ರಂದು ಸಿಕ್ಕಿದ ಉತ್ತರದಲ್ಲಿ ದಿನಗಳ ಸಾರ್ವತ್ರಿಕ ಮಾಫಿ ಇರಲಿಲ್ಲ.

ಅದೇ 2020ರ ಫೆಬ್ರವರಿ 1ರ ಬಜೆಟ್ಟು ಇನ್ನೊಂದು ಬಾಂಬು ಹಾಕಿತ್ತು. ಬೇರೆ ಯಾವ ದೇಶದಲ್ಲೂ ತೆರಿಗೆ ಕಟ್ಟಬೇಕಿಲ್ಲದ ಭಾರತೀಯನನ್ನು ಇಲ್ಲಿಯ ನಿವಾಸಿ ಎಂದೇ ಹಿಡಿಯುತ್ತೇವೆ ಎಂದು. ದುಬಾಯಿಯವರೂ ಹಡಗಿನವರೂ ಒಟ್ಟಿಗೆ ಹೌಹಾರಿದರು. ಮರುದಿನವೇ ಸರಕಾರ, ಪ್ರಾಮಾಣಿಕವಾಗಿ ಹೊರಗೆ ದುಡಿಯುವವರನ್ನು ಮುಟ್ಟುವ ಉದ್ದೇಶ ಇಲ್ಲ ಎಂದಿತು. ಕಾನೂನಾಗುವಾಗ, ವಿದೇಶದ ಆದಾಯ ಬಿಟ್ಟು ಉಳಿದ ಆದಾಯ 15 ಲಕ್ಷ ಮೀರಿದವರಿಗೆ ಮಾತ್ರ ಎಂದು ಬೇಲಿ ಹಾಕಿದರು. ಬಾಡಿಗೆ, ಬಡ್ಡಿ ಎಲ್ಲ ಸೇರಿ ಅಷ್ಟು ಆಗುವ ನಾವಿಕ ನಮ್ಮೂರಲ್ಲಿ ಇದ್ದರೆ ಅವನು ಈ ಅಂಕಣ ಓದುವವನಲ್ಲ, ಬಿಡಿ.

ಹಡಗಿನ ಆಳುಗಳನ್ನು ಜಗತ್ತಿಗೆ ಒದಗಿಸುವುದರಲ್ಲಿ ನಮಗೆ ಸರಿಸಾಟಿ ಫಿಲಿಪೈನ್ಸ್. ಅಲ್ಲಿಯ ಕಾನೂನು ಈ ದಿನ ಎಣಿಸುವ ಉಸಾಬರಿಯನ್ನೇ ಇಟ್ಟುಕೊಂಡಿಲ್ಲ. ಅಂತಾರಾಷ್ಟ್ರೀಯ ವ್ಯಾಪಾರಕ್ಕೇ ಮೀಸಲಾದ ಹಡಗಿನ ಸಿಬ್ಬಂದಿಯಾಗಿ ಹೊರಗೆ ದುಡಿದು ಸಂಬಳ ಪಡೆಯುವ ಫಿಲಿಪಿನೋ ನಾವಿಕನನ್ನು ವಿದೇಶದಲ್ಲಿ ದುಡಿಯುವ ಕಾರ್ಮಿಕನೆಂದೇ ಪರಿಗಣಿಸುತ್ತಾರೆ; ಹೊರಗಿನ ಸಂಬಳಕ್ಕೆ ತೆರಿಗೆ ಇಲ್ಲ. ಮಾಡಿದ ಕೆಲಸ ಯಾವುದು ಎಂದು ನೋಡುತ್ತಾರೆಯೇ ಹೊರತು ತಂಗಿಯ ಮದುವೆಗೆ ಎಷ್ಟು ದಿನ ನಿಂತೆ ಎಂದಲ್ಲ. ನಮ್ಮವರು ಇದನ್ನು ನೋಡಿ ಕಲಿಯಲಿಕ್ಕೆ ಅಡ್ಡಿ ಏನು? ಅಷ್ಟೂ ಆಗದಿದ್ದರೆ '181ಕ್ಕಿಂತ ಹೆಚ್ಚು ದಿನ ಮನೆಯಲ್ಲಿ ಕೂರಬೇಡಿ' ಎಂದು ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿ ಪಣಂಬೂರಿನ ಗೇಟಿಗೆ ಅಂಟಿಸಲಿ. 1975ರಲ್ಲಿ ಉದ್ಘಾಟನೆಯಾದ ಬಂದರು ಅದು. ಗೋಡೆಗೆ ಬರಗಾಲ ಇಲ್ಲ.

ಚೀಟಿ ಅಂಟಿಸುವವರಿಗೆ ಇನ್ನೊಂದು ಮಾತು. 2028ರ ಫೆಬ್ರವರಿಗೆ 29 ದಿನ. ಹಾಗಾಗಿ 2027ರ ಏಪ್ರಿಲಿನಿಂದ 2028ರ ಮಾರ್ಚಿನ ತನಕದ ವರ್ಷಕ್ಕೆ 366 ದಿನ. ಆ ವರ್ಷ ಹೊರಗೆ 184 ಸಾಲದು, 185 ಬೇಕು. ಮದುವೆ ದಿನ ಗೊತ್ತು ಮಾಡುವವರು ಶಿಪ್ಪಿನ ಅಣ್ಣನ ಸಿ.ಡಿ.ಸಿ. ಪುಸ್ತಕವನ್ನು ಒಮ್ಮೆ ಕೇಳಿಯೇ ಹಾಲು ಬುಕ್ ಮಾಡಬೇಕು.